ನೀಲಿಯ ಹೆಪ್ಪು

"ನಾಳೆ ಯಾರೇ ಬಂದು ನಿನ್ನ ಬಾಗಿಲಾಗ ನಿಂತು ಹೆಪ್ಪು ಕೇಳಿದ್ರೂ ಇಲ್ಲ ಅನ್ನಬಾರ್ದು. ಮಾತು ಕೊಡು ಹುಲಿಗಿ," ಎಂದಿದ್ದಳು ಖೈರುನ್‌ಬೀ. ಹುಲಿಗೆಮ್ಮ ಕೊಟ್ಟಿದ್ದಳು. ಅದು ಹನ್ನೊಂದು ವರ್ಷದ ಹಿಂದಿನ ಮಾತು.

ಆಗ ಬಳ್ಳಾರಿಯ ಹೊರಗಿನ ಕಲ್ಲುಕುಂಟೆ ವಾಷಿಂಗ್ ಕಾಲೊನಿ ಎರಡನೇ ಸಲ ತೆರೆದು ಒಂದು ಬೇಸಿಗೆಯೂ ಕಳೆದಿರಲಿಲ್ಲ. ಊರಿನ ಮನೆಮನೆಯಲ್ಲಿ ಹೊಲಿದ ಜೀನ್ಸ್ ಪ್ಯಾಂಟುಗಳನ್ನು ತಂದು, ತೊಳೆದು, ಉಜ್ಜಿ, ನಾಲ್ಕಾರು ವರ್ಷ ತೊಟ್ಟು ಬಿಟ್ಟದ್ದರಂತೆ ಮಾಸಲು ಮಾಡಿಕೊಡುವ ನಲವತ್ತು ಸಣ್ಣ ಯುನಿಟ್‌ಗಳು ಅಲ್ಲಿದ್ದವು. ನೀಲಿ ನೀರನ್ನು ಹಳ್ಳಕ್ಕೆ ಬಿಟ್ಟರೆಂದು ಒಮ್ಮೆ ಎಲ್ಲಕ್ಕೂ ಬೀಗ ಬಿದ್ದಿತ್ತು. ಆ ಬೀಗ ತೆಗೆಸಿದ್ದು ನೀಲಿಹುಳ. ಕಾಗದದ ಮೇಲೆ ಅದಕ್ಕೆ ಉದ್ದನೆಯ ಹೆಸರಿತ್ತು. ಕಾಲೊನಿಯವರ ಬಾಯಲ್ಲಿ ನೀಲಿಹುಳ. ಸಂಶೋಧನಾ ಕೇಂದ್ರವೊಂದು ಹತ್ತಾರು ಬಗೆಯ ಬ್ಯಾಕ್ಟೀರಿಯಾಗಳನ್ನು ತಿದ್ದಿ, ಒಂದಕ್ಕೊಂದು ಹೊಂದಿಸಿ ತಯಾರಿಸಿದ ಗಂಜಿಯಂಥ ದ್ರವ ಅದು. ತೊಟ್ಟಿಯ ನೀಲಿ ನೀರಿಗೆ ಸುರಿದು ಗಾಳಿಯಾಡದಂತೆ ಮುಚ್ಚಿಟ್ಟರೆ ನಾಲ್ಕು ದಿನಕ್ಕೆ ಬಣ್ಣವನ್ನೆಲ್ಲ ತಿಂದು ಮುಗಿಸುತ್ತಿತ್ತು. ತೊಟ್ಟಿಯ ಬಾಯಲ್ಲೊಂದು ನೀರಿನ ಬಣ್ಣ ನೋಡುವ ಗಾಜಿನ ಕಣ್ಣು. ನೀರು ತಿಳಿಯಾಯಿತೆಂದು ಕಣ್ಣು ಹೇಳಿದ ಮೇಲೆ ಕವಾಟ ತಾನೇ ತೆರೆಯುತ್ತಿತ್ತು. ನೀರು ಇಂಗುಗುಂಡಿಗೆ ಹೋಗಿ ನೆಲ ಸೇರುತ್ತಿತ್ತು.

ಆ ಮೊದಲ ಬೇಸಿಗೆಯಲ್ಲೇ ಹುಲಿಗೆಮ್ಮನ ತೊಟ್ಟಿ ಸತ್ತಿತು. ಬಳ್ಳಾರಿಯ ಬಿಸಿಲಿಗೆ ಹುಳಗಳು ಬೆಂದು ಹೋದವು. ಹೊಸ ದ್ರವ ಬರುವವರೆಗೆ ಕೆಲಸ ನಿಲ್ಲಿಸಿದರೆ ಗಿರಾಕಿಗಳು ಬೇರೆ ಕಡೆ ಹೋಗುತ್ತಿದ್ದರು. ಇನ್ನೂ ಒಂದೇ ಒಂದು ತೊಟ್ಟಿಯ ಯುನಿಟ್ ಅದು, ಮುಚ್ಚಿದರೆ ಮುಚ್ಚಿದಂತೆಯೇ. ಒಂದು ತೊಟ್ಟಿಯದನ್ನು ಮತ್ತೊಂದಕ್ಕೆ ಬೆರೆಸಕೂಡದೆಂದು ಗೋಡೆಗೋಡೆಗೂ ಬರೆದಿತ್ತು. ಅದರ ಕೆಳಗೇ ಹಾದು, ಎದುರು ಶೆಡ್ಡಿನ ಖೈರುನ್‌ಬೀ ತನ್ನ ತೊಟ್ಟಿಯ ನೀರನ್ನು ಬಕೆಟ್ ತುಂಬ ತಂದು ಸುರಿದಳು.

"ಅಕ್ಕಾ, ಬರ್ದಾರಲ್ಲ ಅಲ್ಲಿ..."

"ಬರೀಲಿ ಬಿಡು. ಅವರ ಮನ್ಯಾಗ ಮೊಸರು ಮಾಡಂಗಿಲ್ಲೇನು? ಹೆಪ್ಪು ಅಂತ ಬಂದೋರನ್ನ ಯಾರರ ಬರಿಗೈಲೆ ಕಳಸ್ತಾರೇನು?"

ಹೊತ್ತು ಇಳಿದಿತ್ತು. ದೀಪ ಹಚ್ಚುವ ಹೊತ್ತಿನಲ್ಲಿ ಹೆಪ್ಪು ಮನೆ ದಾಟುವಾಗ ಅದರಲ್ಲೊಂದು ಒಣಮೆಣಸಿನಕಾಯಿ ಹಾಕುವುದು ಆ ಓಣಿಯ ರೂಢಿ. ಹಿಂದೂ ಮನೆಯಾದರೂ ಅಷ್ಟೇ, ಮುಸ್ಲಿಮರ ಮನೆಯಾದರೂ ಅಷ್ಟೇ. ಖೈರುನ್‌ಬೀ ಬಕೆಟ್ಟಿಗೂ ಒಂದು ಹಾಕಿದ್ದಳು. ಅದಾದ ಮೇಲೆ ಆ ಮಾತು ಕೇಳಿದ್ದು.

ಬಂದ ಹೆಪ್ಪನ್ನು ಹುಲಿಗೆಮ್ಮ ಅಡುಗೆಮನೆಯ ಬುದ್ಧಿಯಿಂದಲೇ ಸಾಕಿದಳು. ಯಾವ ಗಡಿಗೆಯ ಮೊಸರು ಬೇಗ ಕೂತಿತೋ ಮಾರನೆಯ ದಿನಕ್ಕೆ ಅದರ ಹೆಪ್ಪೇ ತಾನೆ? ಯಾವ ಸಲ ತೊಟ್ಟಿ ಎಲ್ಲಕ್ಕಿಂತ ಮೊದಲು ತಿಳಿಯಾಯಿತೋ ಆ ಸಲದ ಮೇಲುನೀರನ್ನು ಕ್ಯಾನಿಗೆ ತುಂಬಿಟ್ಟುಕೊಂಡಳು. ಮುಂದಿನದಕ್ಕೆ ಅದು. ಹೀಗೆ ಆರಿಸುತ್ತ ಆರಿಸುತ್ತ ನಾಲ್ಕು ದಿನದ ಕೆಲಸ ಮೂರಕ್ಕೆ ಇಳಿಯಿತು, ಎರಡಕ್ಕೆ ಇಳಿಯಿತು. ಕೊನೆಗೆ ಬೆಳಿಗ್ಗೆ ಸುರಿದ ನೀಲಿ ಸಂಜೆಯೊಳಗೆ ಮಾಯ. ಕವಾಟಗಳಿಗೆ ಮೊದಲು, ನೀರು ತಿಳಿಯಾದರೂ ನಾಲ್ಕು ದಿನ ತುಂಬದೆ ತೆರೆಯದ ಬೀಗವೂ ಇತ್ತು. "ನೀರು ತಿಳಿ ಆದ ಮ್ಯಾಲೂ ಯಾಕ್ರೀ ಕಾಯಬೇಕು?" ಎಂದು ಕಾಲೊನಿಯವರೆಲ್ಲ ಸೇರಿ ಗಲಾಟೆ ಮಾಡಿ ಅದನ್ನು ತೆಗೆಸಿದರು. ಹುಲಿಗೆಮ್ಮನ ಹೆಪ್ಪಿನ ಸುದ್ದಿ ಹಬ್ಬಿತು. ಯಾರು ಬಂದರೂ ಅವಳು ಇಲ್ಲ ಎನ್ನಲಿಲ್ಲ. ನಲವತ್ತು ಯುನಿಟ್‌ಗಳಲ್ಲಿ ಯಾವುದರ ತೊಟ್ಟಿ ಬಗ್ಗಿ ನೋಡಿದರೂ ಅವಳ ಹೆಪ್ಪಿನ ಮಕ್ಕಳು, ಮೊಮ್ಮಕ್ಕಳು. ಅವಳದೇ ಒಂದು ತೊಟ್ಟಿ ಐದಾಯಿತು.

*

"ಅವ್ವಾ, ಜಡಿ ಬಿಗಿ ಆತು. ಕಣ್ಣು ಚೀನಾದೋರಂಗ ಆಗಾಕತ್ತಾವ."

"ಸುಮ್ನ ಕೂಡ್ರು. ಸಡಿಲ ಹಾಕಿದ್ರ ಸಾಲಿ ಮುಟ್ಟೂದ್ರಾಗ ಬಿಚ್ಗೊಂತೀ."

ಹುಲಿಗೆಮ್ಮನ ಮಗಳು ಇಂಚರ ಐದನೇ ತರಗತಿ. ಒಲೆಯ ಮೇಲೆ ಉಪ್ಪಿಟ್ಟು ತಳ ಹಿಡಿಯುತ್ತಿತ್ತು. ಗಂಡ ಗಾದಿಲಿಂಗ ಮಾಲು ಸಾಗಿಸುವ ಟೆಂಪೋದ ಕೀಲಿಕೈ ಬೆರಳಿಗೆ ಸಿಕ್ಕಿಸಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ಸೋಮವಾರ ಬರೂದು ಖಾತ್ರಿ ಅಂತ. ಫೋನ್ ಬಂದಿತ್ತು."

ಬರುವವನು ಪರದೇಶದ ಕಂಪನಿಯ ತಪಾಸಣೆಯವನು. ಅವನು ಒಪ್ಪಿದರೆ ವರ್ಷವಿಡೀ ಕೆಲಸ. ಪ್ರತಿ ಪ್ಯಾಂಟಿನ ಸೊಂಟಕ್ಕೂ ಹಸಿರು ಚೀಟಿ ಹೊಲಿಯುತ್ತಾರಂತೆ: ‘ಒಂದು ಹನಿ ನೀಲಿಯೂ ನೆಲಕ್ಕಿಲ್ಲ’. ಕಾಲೊನಿಯ ಹಿಂದಿನ ಜಾಗದಲ್ಲಿ ಹೊಸ ಶೆಡ್ಡು, ಹನ್ನೆರಡು ತೊಟ್ಟಿ. ಹುಲಿಗೆಮ್ಮ ಆ ಶೆಡ್ಡನ್ನು ಎಷ್ಟು ಸಲ ಮನಸ್ಸಿನಲ್ಲೇ ಕಟ್ಟಿದ್ದಳೆಂದರೆ, ಅದರ ಬಾಗಿಲು ಯಾವ ಕಡೆ ತೆರೆಯಬೇಕೆಂಬುದರ ಬಗ್ಗೆ ಗಂಡನ ಜೊತೆ ಒಂದು ಜಗಳವೂ ಆಗಿಹೋಗಿತ್ತು.

"ಇಸ್ತ್ರಿಗೆ ಮಂದಿ ಸಾಲಂಗಿಲ್ಲ. ಮಾರೆಕ್ಕ ಮತ್ತ ಬಂದಿಲ್ಲ ನೋಡ್ರಿ," ಎಂದಳು ಹುಲಿಗೆಮ್ಮ.

"ಹೋಗಿ ಕರಕೊಂಡ್ ಬಾ. ನೀ ಕರದ್ರ ಬರ್ತಾಳ. ನಾ ಕರದ್ರ ನನಗ ನಾಕು ಅಂದು ಕಳಸ್ತಾಳ."

ಮಾರೆಕ್ಕನ ಮನೆ ಕಾಲೊನಿಯ ಇಳಿಜಾರಿನ ಕೆಳಗೆ, ಕೆಳಗಿನ ಓಣಿಯಲ್ಲಿ. ಹೆರಿಗೆಯಾಗಿ ಇನ್ನೂ ಎಳೆಗೂಸಿರುವಾಗಲೇ ಅವಳನ್ನು ಕೆಲಸಕ್ಕೆ ಕರೆದವಳು ಹುಲಿಗೆಮ್ಮನೇ. ಕೂಸು ಅಜ್ಜಿಯ ಹತ್ತಿರ ಬಾಟಲಿ ಹಾಲು ಕುಡಿಯುತ್ತಿತ್ತು. ಮಗಳನ್ನು ಶಾಲೆಯ ಆಟೋ ಹತ್ತಿಸಿ ಹುಲಿಗೆಮ್ಮ ಇಳಿಜಾರು ಇಳಿದಳು.

ಮಾರೆಕ್ಕ ಬಾಗಿಲಲ್ಲೇ ಕೂತಿದ್ದಳು. ತೊಡೆಯ ಮೇಲೆ ಕೂಸು.

"ಎರಡ ದಿನ ರಜಾ ಕೊಡ್ರಿ ಅಕ್ಕಾರ. ಇದು ಹಾಲು ಕಕ್ಕಾಕತ್ತೈತಿ. ಸುಮ್ನ ಬಿದ್ದಿರತೈತಿ, ಅಳೂದೂ ಇಲ್ಲ."

"ಸೋಮವಾರ ತಪಾಸಣಿ ಐತಲ್ಲವ್ವ..." ಎನ್ನುತ್ತ ಹುಲಿಗೆಮ್ಮ ಬಗ್ಗಿದಳು. ಕೂಸಿನ ತುಟಿ ನೇರಳೆ ಹಣ್ಣು ತಿಂದಂತಿತ್ತು. ಉಗುರುಗಳ ಬುಡವೂ ಹಾಗೆಯೇ. "ಏನು ತಿನಿಸಿದ್ರೇ?"

"ಹಾಲಿನ ಪುಡಿ, ನೀರು. ಮತ್ತೇನು ತಿಂತೈತಿ ಇದು? ಕಾಸಿ ಆರಿಸೇ ಹಾಕ್ತೀವಿ."

ಮೂಲೆಯಲ್ಲಿ ಅಗಲ ಬಾಯಿಯ ಬೋಗುಣಿಯಲ್ಲಿ ಬಳಸುವ ನೀರಿತ್ತು. ನೀರಿನ ಮೇಲೆ ತೆಳ್ಳನೆಯ ಕೆನೆ. ಕೆನೆಯ ಬಣ್ಣ ನೀಲಿ.

"ಅದಾ? ಬೋರಿನ ನೀರ್ರಿ. ಹಿಡಿವಾಗ ಸ್ವಚ್ಛ ಇರತೈತಿ, ಇಟ್ಟ ಮ್ಯಾಲ ಹಂಗಾಗತೈತಿ. ನಮ್ಮತ್ತಿ ಅಂತಾಳ, ಬಿಳಿ ಬಟ್ಟಿಗೆ ನೀಲಿ ಹಾಕೂದು ಉಳೀತು ಅಂತ," ಎಂದು ಮಾರೆಕ್ಕ ನಗಲು ನೋಡಿದಳು.

ಹುಲಿಗೆಮ್ಮ ಬೆರಳು ಅದ್ದಿ ತೆಗೆದಳು. ಉಗುರಿನ ಸಂದಿಯಲ್ಲಿ ಕೂತ ಬಣ್ಣ ಅವಳಿಗೆ ಹೊಸದಲ್ಲ. ಮದುವೆಯಾಗಿ ಬಂದಾಗಿನಿಂದ ಅವಳ ಕೈಯಿಂದ ಪೂರ್ತಿ ಹೋಗದ ಬಣ್ಣವದು.

"ಮಾರೆಕ್ಕ, ಕೂಸಿನ್ನ ಈಗ ದವಾಖಾನಿಗೆ ಒಯ್ಯಿ. ಈಗ. ನಮ್ಮನಿಯವರು ಟೆಂಪೋ ತರ್ತಾರ. ಆ ನೀರು ಮುಟ್ಟಬ್ಯಾಡ್ರಿ."

ಗಂಡನಿಗೆ ಫೋನು ಮಾಡಿ, ಓಣಿಯ ಬೋರಿನ ನಲ್ಲಿಗೇ ಬಾಟಲಿ ಹಿಡಿದು ಕಂಠದವರೆಗೆ ತುಂಬಿ, ಮುಚ್ಚಳ ಬಿಗಿದು ಅವಳು ಏರು ಹತ್ತಿದಳು. ಬಾಟಲಿಯ ನೀರು ಗಾಜಿನಷ್ಟು ತಿಳಿಯಾಗಿತ್ತು. ಅವಳಿಗೆ ಹೆದರಿಕೆಯಾದದ್ದೇ ಅದು ತಿಳಿಯಾಗಿದ್ದಕ್ಕೆ.

*

ಕಾಲೊನಿಯ ಮೇಲ್ತುದಿಯಲ್ಲಿ ನಿಗಾ ಕೊಠಡಿ. ಗೋಡೆ ತುಂಬ ಒಂದು ಪರದೆ. ನಲವತ್ತು ಯುನಿಟ್‌ಗಳ ಒಂದೊಂದು ತೊಟ್ಟಿಗೂ ಒಂದು ದೀಪ. ಎಲ್ಲವೂ ಹಸಿರು. ಅಲ್ಲಿ ಕೂರುವವಳು ಮಂದಾಕಿನಿ. ಮೈಸೂರಿನವಳು, ಸೂಕ್ಷ್ಮಜೀವಿಗಳ ಬಗ್ಗೆ ಓದಿಕೊಂಡವಳು, ಸಂಶೋಧನಾ ಕೇಂದ್ರದ ಕಡೆಯಿಂದ ಬಂದು ಎರಡು ವರ್ಷವಾಗಿತ್ತು.

"ಏನ್ ಹುಲಿಗೆಮ್ಮನವರೇ, ಈ ಬಿಸಿಲಲ್ಲಿ ಓಡ್ಕೊಂಡ್ ಬಂದಿದೀರಾ? ಕೂತ್ಕೊಳಿ, ನೀರು ಕುಡೀರಿ."

"ನೀರ ತಂದೀನಿ ಮೇಡಂ," ಎಂದು ಹುಲಿಗೆಮ್ಮ ಬಾಟಲಿ ಮೇಜಿನ ಮೇಲಿಟ್ಟಳು.

ಕೆಳಗಿನ ಓಣಿಯ ಬೋರು ಎಂದೊಡನೆ ಮಂದಾಕಿನಿ ಅದನ್ನು ಮೇಜಿನ ಮೇಲಿದ್ದ ಬಿಡಿ ಗಾಜಿನ ಕಣ್ಣೊಂದರ ಮುಂದೆ ಹಿಡಿದಳು. ಹಸಿರು. "ಚೆನ್ನಾಗೇ ಇದೆಯಲ್ಲ."

"ತಟ್ಟಿಗೆ ಸುರೀರಿ."

ಊಟದ ಡಬ್ಬಿಯ ಸ್ಟೀಲ್ ಮುಚ್ಚಳಕ್ಕೆ ಮಂದಾಕಿನಿ ನೀರು ಸುರಿದಳು. ಇಬ್ಬರೂ ನೋಡುತ್ತ ನಿಂತರು. ಫ್ಯಾನಿನ ಗಾಳಿಗೆ ನೀರು ತುಸು ನಡುಗುತ್ತಿತ್ತು. ಮೊದಲು ಅಂಚಿನಲ್ಲಿ, ದಾರದೆಳೆಯಷ್ಟು ತೆಳ್ಳಗೆ, ಹಸಿರೋ ಹಳದಿಯೋ ಗೊತ್ತಾಗದ ಗೆರೆ ಕಾಣಿಸಿತು. ಆಮೇಲೆ ಅದು ನೀಲಿಯಾಯಿತು. ಅಂಚಿನಿಂದ ನಡುವಿಗೆ, ಯಾರೋ ಸದ್ದಿಲ್ಲದೆ ಚಾದರ ಎಳೆದಂತೆ, ನೀಲಿ ಹಬ್ಬಿಕೊಂಡಿತು.

ಮಂದಾಕಿನಿ ಮುಚ್ಚಳವನ್ನು ಹತ್ತಿರಕ್ಕೆ ಎಳೆದುಕೊಂಡಳು.

"ತಿಂದಿಲ್ಲ," ಎಂದಳು. "ಬಣ್ಣವನ್ನ ತಿಂದೇ ಇಲ್ಲ ಅವು. ಬಚ್ಚಿಟ್ಟಿವೆ ಅಷ್ಟೇ."

ಪೆನ್ನು ತೆಗೆದು ಕಾಗದದ ಮೇಲೆ ಗೀಚುತ್ತ ಅವಳು ಬಿಡಿಸಿ ಹೇಳಿದಳು. ನೀಲಿಹುಳ ಒಂದು ಜಾತಿಯಲ್ಲ, ಒಂದು ಕೂಟ. ಅವಸರದವು ಮೊದಲು ಬಣ್ಣದ ಮೇಲೆ ಬೀಳುತ್ತವೆ. ಅವು ಮುಟ್ಟಿದ ನೀಲಿ ನೀರಿನಲ್ಲಿ ಕರಗಿ ಕಾಣದಂತಾಗುತ್ತದೆ. ಗಾಳಿ ತಾಗಿದರೆ ಮತ್ತೆ ನೀಲಿ. ನಿಧಾನದವು ಆಮೇಲೆ ಮೂರು ದಿನ ಕೂತು ಅದನ್ನು ಬುಡಸಮೇತ ಮುರಿದು ಮುಗಿಸಬೇಕು. ಅವಿಲ್ಲದಿದ್ದರೆ ಬಣ್ಣ ಅಷ್ಟಿಷ್ಟು ಮುರಿದು ಅರ್ಧಕ್ಕೆ ನಿಲ್ಲುತ್ತದೆ. ಆ ಅರ್ಧ ಮುರಿದ ಚೂರುಗಳು ರಕ್ತಕ್ಕೆ ಸೇರಿದರೆ ರಕ್ತ ಉಸಿರು ಹೊರುವುದನ್ನು ಮರೆಯುತ್ತದೆ. ದೊಡ್ಡವರು ತಡೆದಾರು. ಕೂಸುಗಳು ತಡೆಯುವುದಿಲ್ಲ.

"ಇಂಗುಗುಂಡಿಯಿಂದ ನೆಲಕ್ಕೆ ಹೋಗಿದೆ. ನೆಲದೊಳಗೆ ಗಾಳಿ ಇಲ್ಲ, ಅದಕ್ಕೇ ಬಣ್ಣ ಇಲ್ಲ. ಕಣ್ಣುಗಳಿಗೆ ಬಣ್ಣ ಬಿಟ್ರೆ ಬೇರೇನೂ ಕಾಣಲ್ಲ. ನಾಲ್ಕು ದಿನದ ಬೀಗ ತೆಗೆಯೋ ಕಾಗದಕ್ಕೆ ನಾನೇ ಸಹಿ ಹಾಕ್ದೆ, ನೀರು ತಿಳಿ ಇದ್ಯಲ್ಲ ಅಂತ." ಅವಳು ಹಣೆ ಒತ್ತಿಕೊಂಡಳು. "ಆದ್ರೆ ನಿಧಾನದವು ಎಲ್ಲಿ ಹೋದ್ವು? ಒಂದು ತೊಟ್ಟೀಲಿ ಸತ್ರೆ ಸರಿ. ಇದು ಎಷ್ಟು ತೊಟ್ಟಿಗೆ ಹಬ್ಬಿದೆ? ಹುಲಿಗೆಮ್ಮನವರೇ, ಒಂದು ವಿಚಾರ ಕೇಳ್ಬೇಕು ಅಂತಿದ್ದೆ. ತೊಟ್ಟಿಗಳ ಜರಡೀಲಿ ನಂಗೆ ಒಣಮೆಣಸಿನಕಾಯಿ ಸಿಗ್ತಿದೆ. ಊಟದ ಡಬ್ಬಿ ಅಲ್ಲೇ ತೊಳೀತಾರೇನೋ ಅಂದ್ಕೊಂಡಿದ್ದೆ. ಏನದು?"

ಹುಲಿಗೆಮ್ಮನಿಗೆ ಆ ಕ್ಷಣದಲ್ಲಿ ಕಂಡದ್ದು ಹನ್ನೆರಡು ತೊಟ್ಟಿಗಳ ಹೊಸ ಶೆಡ್ಡು.

"ದೃಷ್ಟಿ ತಾಗಬಾರ್ದಂತ ಹಾಕಿರ್ತಾರ ಮೇಡಂ," ಎಂದಳು.

"ಹಾಗಾದ್ರೆ ಎಲ್ಲಾ ತೊಟ್ಟಿಯಿಂದಲೂ ಮಾದರಿ ತೆಗ್ದು ಕಳಿಸ್ತೀನಿ. ಯಾವ್ಯಾವುದು ಕೆಟ್ಟಿದೆ ಅಂತ ಗೊತ್ತಾಗೋಕೆ ಒಂದು ವಾರ ಬೇಕು. ಅಲ್ಲೀವರೆಗೆ ಯಾರ ಕವಾಟ ಮುಚ್ಚಲಿ ನಾನು? ನಲವತ್ತನ್ನೂ ಮುಚ್ಚೋಕೆ ಕೈಯಲ್ಲಿ ಒಂದು ಡಬ್ಬಿ ಮುಚ್ಚಳ ಹಿಡ್ಕೊಂಡು ಹೋಗ್ಲಾ?"

ವಾರವೆಂದರೆ ಸೋಮವಾರ ದಾಟುತ್ತದೆ. ಹುಲಿಗೆಮ್ಮ ಲೆಕ್ಕ ಹಾಕಬೇಕಾಗಲಿಲ್ಲ. ತಲೆ ತಾನೇ ಹಾಕಿತು.

*

ಊಟಕ್ಕೆ ಕೂತಾಗ ಗಾದಿಲಿಂಗ ಹೇಳಿದ್ದೂ ಅದನ್ನೇ. "ಸೋಮವಾರ ಒಂದು ದಾಟ್ಲಿ. ಆಮ್ಯಾಲ ಏನರ ಮಾಡೋಣಂತ. ಕೂಸಿನ್ನ ದವಾಖಾನಿಗೆ ಮುಟ್ಟಿಸಿ ಬಂದೀನಿ. ಮತ್ತೇನು ಮಾಡ್ಬೇಕು ನಾವು?"

"ಬೋರಿನ ನೀರು ಕುಡೀಬ್ಯಾಡ್ರಿ ಅಂತ ಕೆಳಗಿನ ಓಣ್ಯಾಗ ಹೇಳಬೇಕಲ್ರಿ."

"ಹೇಳು. ಯಾಕ ಅಂತ ಕೇಳ್ತಾರ. ಏನಂತೀ?"

ಅವಳು ಅನ್ನ ಕಲಸುತ್ತಲೇ ಇದ್ದಳು. ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ ಬಂದಿದ್ದ ಇಂಚರ ಇಬ್ಬರ ಮುಖವನ್ನೂ ನೋಡಿ, "ನಾವು ಕುಡಿಯೂದು ಕ್ಯಾನಿಂದಲ್ಲವ್ವಾ?" ಎಂದಳು.

"ಹೂಂ."

"ಹಂಗಾರ ನಮಗೇನೂ ಆಗಂಗಿಲ್ಲ."

ಮಗು ಧೈರ್ಯಕ್ಕೆಂದು ಕೇಳಿದ್ದು. ಹುಲಿಗೆಮ್ಮ ತಟ್ಟೆ ಪಕ್ಕಕ್ಕೆ ಸರಿಸಿದಳು. ತಾನು ಬೆಳಿಗ್ಗೆಯಿಂದ ಮನಸ್ಸಿನೊಳಗೆ ಹೇಳಿಕೊಳ್ಳುತ್ತಿದ್ದುದೂ ಇದೇ ವಾಕ್ಯ. ಮಗಳ ಬಾಯಲ್ಲಿ ಕೇಳಿದಾಗ ಅದು ಬೇರೆಯೇ ಕೇಳಿಸಿತು.

ಮಧ್ಯಾಹ್ನ ಅವಳು ದವಾಖಾನೆಗೆ ಹೋದಳು. ಮಾರೆಕ್ಕ ಕಾರಿಡಾರಿನ ನೆಲದ ಮೇಲೆ ಕೂತಿದ್ದಳು. ಗಾಜಿನ ಆಚೆ ಕೂಸು, ಮೂಗಿಗೆ ನಳಿಕೆ.

"ರಕ್ತ ತೆಗದ್ರ ಚಾಕಲೇಟ್ ಬಣ್ಣ ಇತ್ತಕ್ಕಾರ," ಎಂದಳು ಮಾರೆಕ್ಕ, ತಲೆಯೆತ್ತದೆ. "ಔಷಧ ಚುಚ್ಚಿದ್ರು. ಅದರ ಬಣ್ಣ ನೋಡಿದ್ರೇನು? ನೀಲಿ. ನೀಲಿ ಇಳಿಸಾಕ ನೀಲೀನ ಚುಚ್ಚಿದ್ರು. ಚಿಟಿಕಿ ಔಷಧ, ಚಿಟಿಕಿ ಜಾಸ್ತಿ ಆದ್ರೂ ಕಷ್ಟ ಅಂತ. ಬಾಜೂ ಮನಿ ಸೊಸಿ ಏಳು ತಿಂಗಳ ಬಸುರಿ. ಆಕಿನೂ ಅದ ನೀರು ಕುಡೀತಾಳ. ಡಾಕ್ಟ್ರು ಕೇಳಿದ್ರು, ಎಲ್ಲಿಂದ ಬಂತು ಇದು ಅಂತ. ನಾ ಏನಂತ ಹೇಳ್ಲಿ? ನನಗೇನು ತಿಳೀತೈತಿ?"

ಹುಲಿಗೆಮ್ಮ ಅವಳ ಪಕ್ಕ ಕೂರಲು ಬಗ್ಗಿದವಳು ಕೂರಲಿಲ್ಲ. ಆಟೋ ಹಿಡಿದು ನೇರ ನಿಗಾ ಕೊಠಡಿಗೆ ಬಂದಳು. ಮಂದಾಕಿನಿ ಮಾದರಿ ಸೀಸೆಗಳಿಗೆ ಚೀಟಿ ಅಂಟಿಸುತ್ತಿದ್ದಳು.

"ಅದು ದೃಷ್ಟಿ ಮೆಣಸಿನಕಾಯಿ ಅಲ್ಲ ಮೇಡಂ. ಹೆಪ್ಪಿಂದು." ಹುಲಿಗೆಮ್ಮ ನಿಂತೇ ಎಲ್ಲವನ್ನೂ ಹೇಳಿದಳು. ಬಕೆಟ್ಟಿನಿಂದ ಕ್ಯಾನಿನವರೆಗೆ, ಬೇಗ ತಿಳಿಯಾದದ್ದರ ಮೇಲುನೀರು ಆರಿಸಿ ಆರಿಸಿ ಇಟ್ಟದ್ದು, ಕೇಳಿದವರಿಗೆಲ್ಲ ಕೊಟ್ಟದ್ದು.

ಮಂದಾಕಿನಿಯ ಕೈಯಲ್ಲಿದ್ದ ಚೀಟಿ ಬೆರಳಿಗೇ ಅಂಟಿಕೊಂಡಿತು. "ಬೇಗ ಆಗಿದ್ದರಿಂದ... ಪ್ರತಿ ಸಲಾನೂ ಬೇಗ ಆಗಿದ್ದರಿಂದಲೇ ತೆಗ್ದಿದೀರಿ. ಅಂದ್ರೆ ಪ್ರತಿ ಸಲಾನೂ ನಿಧಾನದವನ್ನ ತಳದಲ್ಲೇ ಬಿಟ್ಟಿದೀರಿ. ಒಳ್ಳೇ ತಳಿ ಬೆಳೆಸಿದೀರಿ ಹುಲಿಗೆಮ್ಮನವರೇ. ಸುಳ್ಳು ಹೇಳೋ ತಳಿ." ಅವಳಿಗೆ ನಗಬೇಕೋ ಅಳಬೇಕೋ ತಿಳಿಯದಾಯಿತು. "ಯಾರ್ಯಾರು ತಗೊಂಡ್ರು?"

"ಯಾರು ತಗೊಂಡಿಲ್ಲ ಅಂತ ಕೇಳ್ರಿ."

"ಯಾರು ತಗೊಂಡಿಲ್ಲ?"

"ಯಾರೂ ಇಲ್ಲ."

ಮಂದಾಕಿನಿ ಪರದೆಯತ್ತ ತಿರುಗಿದಳು. ಕವಾಟ ಮುಚ್ಚುವ ಗುಂಡಿಗಳನ್ನು ಅವಳು ಒತ್ತುತ್ತ ಹೋದಂತೆ ಹಸಿರು ದೀಪಗಳು ಒಂದೊಂದಾಗಿ ಕೆಂಪಾದವು. ಮೊದಲ ಐದು ಹುಲಿಗೆಮ್ಮನವು.

*

ಸೋಮವಾರ ತಪಾಸಣೆಯವನು ಬರಲಿಲ್ಲ. ಸಂಶೋಧನಾ ಕೇಂದ್ರದ ಕಡೆಯವರು ಬಂದರು. ತೊಟ್ಟಿ ತೊಟ್ಟಿಗೂ ಬ್ಲೀಚಿಂಗ್ ಪೌಡರಿನ ಚೀಲ ಒಡೆದು ಸುರಿದರು. ಕಣ್ಣುರಿಯುವ ಘಾಟು ಕಾಲೊನಿಯ ಮೇಲೆ ನಿಂತುಬಿಟ್ಟಿತು. ತೆರೆದ ತೊಟ್ಟಿಗಳು ಗಾಳಿ ತಾಗಿ ಮೊದಲು ನೀಲಿಯಾದವು, ಆಮೇಲೆ ಬಿಳಿಚಿಕೊಂಡವು. ಜನ ಹುಲಿಗೆಮ್ಮನ ಶೆಡ್ಡಿನ ಮುಂದೆ ನಿಂತು ಕೂಗಾಡಿದರು.

"ಹೆಪ್ಪು ಕೊಡೂ ಮುಂದ ನಕ್ಕೋಂತ ಕೊಟ್ಟಿ, ಈಗ ಹೋಗಿ ಹೇಳಿ ಬಂದಿ!"

"ತಾನು ಐದು ತೊಟ್ಟಿ ಕಟ್ಗೊಂಡಳು, ನಮ್ಮವು ಮುಚ್ಚಿಸಿದ್ಳು!"

ಗಾದಿಲಿಂಗ ಟೆಂಪೋವನ್ನು ಬಾಗಿಲಿಗೆ ಅಡ್ಡ ನಿಲ್ಲಿಸಿ ಅದರೊಳಗೇ ಕೂತಿದ್ದ. ಹೆಂಡತಿಯ ಜೊತೆ ಮಾತು ಬಿಟ್ಟಿದ್ದ. ಆದರೆ ಟೆಂಪೋ ಅಲ್ಲಿಂದ ಕದಲಿಸಲಿಲ್ಲ.

ಕೂಸು ಉಳಿಯಿತು. ಪಕ್ಕದ ಮನೆಯ ಸೊಸೆಯನ್ನು ದೊಡ್ಡಾಸ್ಪತ್ರೆಗೆ ಸೇರಿಸಿದರು. ಅವಳ ವಿಷಯದಲ್ಲಿ ಡಾಕ್ಟರರು ಕಾದು ನೋಡಬೇಕು ಎಂದಷ್ಟೇ ಹೇಳುತ್ತಿದ್ದರು. ಮಾರೆಕ್ಕ ಕೆಲಸಕ್ಕೆ ಮರಳಲಿಲ್ಲ. ದಾರಿಯಲ್ಲಿ ಎದುರಾದರೆ ಕೂಸನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ಹೋಗುತ್ತಿದ್ದಳು. ಕೆಳಗಿನ ಓಣಿಗೆ ಟ್ಯಾಂಕರ್ ನೀರು ಬರತೊಡಗಿತು.

ಸಂಶೋಧನಾ ಕೇಂದ್ರದಿಂದ ಮೊದಲಿನ ದ್ರವವೇ ಮತ್ತೆ ಬಂತು. ಮೊದಲಿನಂತೆಯೇ ನಾಲ್ಕು ದಿನ. ಅರ್ಧ ಮುರಿದ ಬಣ್ಣವನ್ನೂ ಗುರುತಿಸುವ ಹೊಸ ಕಣ್ಣುಗಳು ಬರಲು ಚಳಿಗಾಲ ಆಗಬಹುದೆಂದು ಮಂದಾಕಿನಿ ಸಭೆ ಕರೆದು ಹೇಳಿದಳು. ನಾಲ್ಕು ದಿನದ ಬೀಗವೂ ಹೊಸ ಕಣ್ಣಿನ ಜೊತೆಗೇ ಬರಬೇಕು. ಹಳೆಯದನ್ನು ಕಿತ್ತು ಗುಜರಿಗೆ ಹಾಕಿಯಾಗಿತ್ತು. ಅಲ್ಲಿಯವರೆಗೆ ಹಳೆಯ ಕಣ್ಣೇ, ನಿಮ್ಮ ನಿಯತ್ತೇ ಎಂದಳು. ಜನ ತಲೆಯಾಡಿಸಿದರು. ತಲೆಯಾಡಿಸುತ್ತಲೇ ಲೆಕ್ಕ ಹಾಕಿದರು. ಹತ್ತು ತೊಟ್ಟಿಯವರು ಸರದಿಯಲ್ಲಿ ತುಂಬಿಸಿ ಹೇಗೋ ಕೆಲಸ ಸಾಗಿಸಿದರು. ಐದರ ಹುಲಿಗೆಮ್ಮ ಅರ್ಧ ಕೆಲಸದಲ್ಲಿ ತೆವಳತೊಡಗಿದಳು. ಒಂದೇ ತೊಟ್ಟಿಯವರು ಒಂದು ದಿನ ತೊಳೆದು ಮೂರು ದಿನ ಶೆಡ್ಡಿನ ಬಾಗಿಲಲ್ಲಿ ಕೂತರು.

ಖೈರುನ್‌ಬೀ ಈ ಹನ್ನೊಂದು ವರ್ಷದಲ್ಲಿ ಎರಡನೇ ತೊಟ್ಟಿ ಕಟ್ಟಿರಲಿಲ್ಲ.

ಅವಳು ಬಂದದ್ದು ಹುಲಿಗೆಮ್ಮನ ಮನೆಗೆ, ಇಂಚರ ಶಾಲೆಗೆ ಹೋದ ಮೇಲೆ. ಮೊಣಕಾಲು ಹಿಡಿದುಕೊಂಡು ಕಟ್ಟೆಯ ಮೇಲೆ ಕೂತಳು. ಜೊತೆಗೆ ಒಂದು ಖಾಲಿ ಬಕೆಟ್ಟು. ಹುಲಿಗೆಮ್ಮ ಚಹಾ ತಂದಿಟ್ಟಳು. ಖೈರುನ್‌ಬೀ ಮುಟ್ಟಲಿಲ್ಲ.

"ಹೆಪ್ಪು ಬೇಕಾಗಿತ್ತು ಹುಲಿಗಿ."

"ಎಲ್ಲಿಂದ ತರ್ಲಿ ಅಕ್ಕಾ? ನಿನ್ನ ಮುಂದ ಬ್ಲೀಚು ಹಾಕಿದ್ರಲ್ಲ."

"ತೊಟ್ಟಿಗೆ ಹಾಕಿದ್ರು. ನೀನು ಗಡಿಗಿ ಪೂರ್ತಿ ತೊಳದು ಬೋರಲ ಹಾಕೂ ಪೈಕಿ ಅಲ್ಲ. ಹೆಪ್ಪು ಅಂದ್ರ ಒಂದು ತಟಗರ, ಒಂದು ಹನಿಯರ ತೆಗದಿಡಬೇಕು ಅಂತ ನಿನಗ ಕಲಿಸ್ದಾಕಿ ಯಾರು?"

ಹುಲಿಗೆಮ್ಮನ ಕಣ್ಣು ಒಳಗಿನ ಬಚ್ಚಲಿನತ್ತ ಹೋಯಿತು. ಬಚ್ಚಲಿನ ಒಲೆಯ ಹಿಂದೆ, ಗೋಣಿಚೀಲದ ಕೆಳಗೆ ಒಂದು ಕ್ಯಾನಿತ್ತು. ತೊಟ್ಟಿಗಳಿಗೆ ಪೌಡರು ಬೀಳುವ ಮೊದಲು ಅವಳೇ ತಂದಿಟ್ಟದ್ದು. ಯಾತಕ್ಕೆ ಎಂದು ಅವಳು ತನ್ನನ್ನು ಕೇಳಿಕೊಂಡಿರಲಿಲ್ಲ. ಹನ್ನೊಂದು ವರ್ಷ ಸಾಕಿದ್ದು. ಚೆಲ್ಲಲು ಕೈ ಬಂದಿರಲಿಲ್ಲ. ಸಂಜೆ ಸಂಜೆಗೆ ಅದಕ್ಕೊಂದು ಲೋಟ ನೀಲಿ ನೀರು ಹಾಕಿ ಬರುತ್ತಿದ್ದಳು, ಸಾಯದಿರಲೆಂದು.

"ಚಳಿಗಾಲದ ತನ ಸಾಕು," ಎಂದಳು ಖೈರುನ್‌ಬೀ. "ಹೊಸಾ ಕಣ್ಣು ಬರೂ ತನ. ಆಮ್ಯಾಲ ನಾನ ಚೆಲ್ತೀನಿ. ಕೆಳಗಿನ ಓಣಿಗೆ ಟ್ಯಾಂಕರ್ ಬರಾಕತ್ತೈತಿ, ಬೋರು ಯಾರು ಕುಡೀತಾರ ಈಗ?"

"ಟ್ಯಾಂಕರ್ ಬರದ ದಿನ ಕುಡೀತಾರ."

"ನನ್ನ ಒಂದು ತೊಟ್ಟಿಂದ ಎಷ್ಟು ಹೋದೀತು?"

"ನಿನಗ ಕೊಟ್ರ ಬಾಜೂ ಶೆಡ್ಡಿನವರೂ ಬರ್ತಾರಕ್ಕಾ. ಅವರಿಗೆ ಏನನ್ಲಿ?"

"ಏನಂತೀ, ಇಲ್ಲ ಅನ್ನಬಾರ್ದು ಅಂತ ನಾನ ಮಾತು ತಗೊಂಡಿದ್ನೆಲ್ಲ," ಎಂದು ಖೈರುನ್‌ಬೀ ನಕ್ಕಳು. ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. "ನಿನಗ ಐದು ತೊಟ್ಟಿ. ಯಾವುದರಿಂದ ಆದ್ವು? ಆ ಹೆಪ್ಪಿನಿಂದ ಆದ್ವು. ಅದು ಯಾರ ಹೆಪ್ಪು? ನಿನ್ನ ಹೊಟ್ಟಿ ತುಂಬೂ ತನ ಒಳ್ಳೇದಿತ್ತು. ಈಗ ನನಗ ಬೇಕಂದ್ರ ವಿಷ ಆತೇನು?"

ವಿಷ ಮೊದಲಿನಿಂದಲೂ ಇತ್ತು ಎಂದು ಹುಲಿಗೆಮ್ಮ ಅನ್ನಬಹುದಿತ್ತು. ಹಾಗೆಂದರೆ ಐದು ತೊಟ್ಟಿಗಳು ಇನ್ನಷ್ಟು ಭಾರವಾಗುತ್ತಿದ್ದವು.

"ನನ್ನ ಎರಡು ತೊಟ್ಟಿ ಬಿಟ್ಟು ಕೊಡ್ತೀನಕ್ಕಾ. ನಿನ್ನ ಮಾಲು ಅದ್ರಾಗ ತೊಳಿ. ನಾ ಮೂರರಾಗ ಮಾಡ್ಕೋತೀನಿ."

"ನಾ ತೊಟ್ಟಿ ಕೇಳಿಲ್ಲ." ಖೈರುನ್‌ಬೀಯ ದನಿ ಗಟ್ಟಿಯಾಯಿತು. "ಇನ್ನೊಬ್ಬರ ಶೆಡ್ಡಿನ್ಯಾಗ ಕೂಲಿ ಮಾಡಾಕ ಇಷ್ಟು ವರ್ಷ ಆ ಶೆಡ್ಡು ಉಳಿಸ್ಗೊಂಡು ಬಂದಿಲ್ಲ. ಬಕೀಟು ತಂದೀನಿ. ಹೆಪ್ಪು ಕೇಳೀನಿ. ಐತಿ ಇಲ್ಲ, ಅಷ್ಟು ಹೇಳು."

ಹುಲಿಗೆಮ್ಮ ಎದ್ದು ಒಳಗೆ ಹೋದಳು. ಗೋಣಿಚೀಲ ಸರಿಸಿದಳು. ಕ್ಯಾನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹಿತ್ತಲಿಗೆ ಬಂದಳು. ಕಟ್ಟೆಯಿಂದ ಹಿತ್ತಲು ಕಾಣುತ್ತಿತ್ತು. ಮುಚ್ಚಳ ತೆಗೆದಾಗ ಹುಳಿ ವಾಸನೆ ಬಂತು, ಮಾಗಿದ ಮೊಸರಿನಂಥದು. ಖೈರುನ್‌ಬೀ ಬಕೆಟ್ಟಿನ ಹಿಡಿ ಹಿಡಿದು ಮೇಲೇಳಲು ನೋಡಿದಳು.

ಹುಲಿಗೆಮ್ಮ ಬಚ್ಚಲ ಗೂಡಿನಿಂದ ಬ್ಲೀಚಿಂಗ್ ಪೌಡರಿನ ಡಬ್ಬಿ ತೆಗೆದು ಪೂರ್ತಿ ಕ್ಯಾನಿಗೆ ಬಗ್ಗಿಸಿದಳು. ನೊರೆ ಉಕ್ಕಿ ಅವಳ ಪಾದದ ಮೇಲೆ ಇಳಿಯಿತು. ಕೆಮ್ಮು ಬಂತು. ಕೆಮ್ಮುತ್ತಲೇ ಕೋಲು ತೆಗೆದುಕೊಂಡು ತಳದವರೆಗೂ ಕಲಸಿದಳು.

"ಇಲ್ಲ ಅಕ್ಕಾ," ಎಂದಳು. "ಹೆಪ್ಪಿಲ್ಲ."

ಖೈರುನ್‌ಬೀ ಖಾಲಿ ಬಕೆಟ್ಟು ತೆಗೆದುಕೊಂಡು, ಮೊಣಕಾಲು ಹಿಡಿದುಕೊಂಡು, ನಿಧಾನವಾಗಿ ಕಟ್ಟೆ ಇಳಿದು ಹೋದಳು. ಆ ವಾರ ಅವಳ ಶೆಡ್ಡು ಮುಚ್ಚಿತು.

ಹುಲಿಗೆಮ್ಮ ಕೊಟ್ಟ ಮಾತಿಗೆ ತಪ್ಪಿದಳು.